ಅಂಗಡಿಯ ಇಮೇಲ್‌ಗೆ ಒಡೆಯರು ಯಾರು?

ಜಿಎಸ್‌ಟಿ ನೋಂದಣಿ ಮಾಡಿಸುವಾಗ ಒಂದು ಇಮೇಲ್ ವಿಳಾಸ ಕೊಟ್ಟಿರುತ್ತೀರಿ. ಉದ್ಯಮ್ ನೋಂದಣಿಗೆ, ಬ್ಯಾಂಕಿನ ಚಾಲ್ತಿ ಖಾತೆಗೆ, ತಿಂಡಿ ತಿನಿಸಿನ ವ್ಯಾಪಾರವಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿಗೂ ಕೊಟ್ಟಿರುತ್ತೀರಿ. ಅದು ಯಾವ ವಿಳಾಸ, ಪಾಸ್‌ವರ್ಡ್ ಯಾರ ಬಳಿ ಇದೆ, ಕೊನೆಯ ಸಲ ಯಾವಾಗ ತೆರೆದು ನೋಡಿದ್ದು ಎಂದು ಕೇಳಿದರೆ ಬಹಳಷ್ಟು ಮಾಲೀಕರ ಉತ್ತರ ಒಂದೇ: ‘ಅದನ್ನೆಲ್ಲ ಆಡಿಟರ್ ಆಫೀಸಿನವರೇ ನೋಡ್ಕೋತಾರೆ.’ ಕೆಲವು ಕಡೆ ಆ ವಿಳಾಸ ಆಡಿಟರ್ ಕಚೇರಿಯ ಹುಡುಗನದು. ಇನ್ನು ಕೆಲವು ಕಡೆ ಕೆಲಸ ಬಿಟ್ಟು ಹೋದ ಅಕೌಂಟೆಂಟ್ ತನ್ನ ಮೊಬೈಲ್ ನಂಬರಿನಲ್ಲಿ ಮಾಡಿಕೊಟ್ಟದ್ದು.

ಲೆಕ್ಕ ಬರೆಯಲು ಬೇರೆಯವರಿರುವುದು ತಪ್ಪಲ್ಲ. ವಿಳಾಸವೇ ಬೇರೆಯವರದಾಗಿರುವುದು ತಪ್ಪು. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ನೋಟಿಸ್ ಜಾರಿ ಮಾಡುವ ಹಲವು ದಾರಿಗಳನ್ನು ಹೇಳುತ್ತದೆ. ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ಕಳಿಸುವುದು ಅದರಲ್ಲೊಂದು, ಪೋರ್ಟಲ್‌ನಲ್ಲಿ ಹಾಕುವುದು ಇನ್ನೊಂದು. ಅಂಚೆಯವನು ಬಾಗಿಲು ತಟ್ಟಬೇಕಾಗಿಯೇ ಇಲ್ಲ. ನೋಟಿಸ್ ಯಾರದೋ ಇನ್‌ಬಾಕ್ಸ್‌ನಲ್ಲಿ ಬಿದ್ದಿದ್ದರೂ ಉತ್ತರ ಕೊಡುವ ಗಡುವಿನ ದಿನಗಳು ಉರುಳುತ್ತಲೇ ಇರುತ್ತವೆ.

ಆದ್ದರಿಂದ ಈ ವಾರ ಮಾಡಬೇಕಾದ ಮೊದಲ ಕೆಲಸ ಇದು. ಜಿಎಸ್‌ಟಿ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ, ಪ್ರೊಫೈಲ್‌ನಲ್ಲಿ ಯಾವ ಇಮೇಲ್, ಯಾವ ಮೊಬೈಲ್ ಇದೆ ನೋಡಿ. ನಿಮ್ಮದಲ್ಲದಿದ್ದರೆ ‘ನಾನ್ ಕೋರ್’ ತಿದ್ದುಪಡಿ ಅರ್ಜಿಯಲ್ಲಿ ಅಧಿಕೃತ ಸಹಿದಾರರ ವಿವರಕ್ಕೆ ಹೋಗಿ ಬದಲಾಯಿಸಬಹುದು. ಹೊಸ ಇಮೇಲ್‌ಗೂ ಹೊಸ ಮೊಬೈಲ್‌ಗೂ ಒಟಿಪಿ ಬರುತ್ತದೆ. ಲಾಗಿನ್ ವಿವರವೇ ಕೈಯಲ್ಲಿಲ್ಲ, ಹಳೇ ಆಡಿಟರ್ ಫೋನ್ ಎತ್ತುತ್ತಿಲ್ಲ ಎನ್ನುವವರಿಗೂ ದಾರಿ ಇದೆ. ಗುರುತಿನ ದಾಖಲೆ ಮತ್ತು ವ್ಯಾಪಾರದ ದಾಖಲೆ ಹಿಡಿದು ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಕಚೇರಿಗೆ ಹೋದರೆ ಅವರು ಇಮೇಲ್, ಮೊಬೈಲ್ ಬದಲಿಸಿಕೊಡುವ ವ್ಯವಸ್ಥೆ ಇದೆ. ಉದ್ಯಮ್, ಬ್ಯಾಂಕು, ವಿದ್ಯುತ್ ಬಿಲ್ಲು, ವಿಮೆ, ಎಲ್ಲದರಲ್ಲೂ ಇದೇ ತಪಾಸಣೆ ನಡೆಯಲಿ. ಅರ್ಧ ದಿನದ ಕೆಲಸ.

ಸಂಸ್ಥೆಗೇ ಒಂದು ವಿಳಾಸ

ಮಾಲೀಕರ ಸ್ವಂತ ಇಮೇಲ್ ಬೇರೆ, ವ್ಯಾಪಾರದ್ದು ಬೇರೆ ಇರಲಿ. ಮಗಳ ಕಾಲೇಜಿನ ಪತ್ರ, ಶಾಪಿಂಗ್ ಜಾಹೀರಾತು, ಸರಬರಾಜುದಾರರ ಬಿಲ್ಲು ಒಂದೇ ಕಡೆ ಬಂದು ಬೀಳುತ್ತಿದ್ದರೆ ಕಣ್ತಪ್ಪಿ ಹೋಗುವುದು ಬಿಲ್ಲೇ. ಜಿಮೇಲ್‌ನಲ್ಲಿ ಅಂಗಡಿಯ ಹೆಸರಿನ ಒಂದು ಖಾತೆ ಸಾಕು. ಮರುಪ್ರವೇಶಕ್ಕೆಂದು ಕೊಡುವ ಮೊಬೈಲ್ ಮಾಲೀಕರದೇ ಆಗಿರಬೇಕು, ಗುಮಾಸ್ತರದಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಕ್ರಯಪತ್ರ ಇಡುವ ಜಾಗದಲ್ಲೇ ಇಡಿ. ಫೋನು ಕಳೆದ ದಿನ ಒಳಗೆ ಹೋಗಲು ಅದೇ ದಾರಿ.

ಗುಮಾಸ್ತರೂ ಮೇಲ್ ನೋಡಬೇಕಲ್ಲ ಎನ್ನುತ್ತೀರಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮಾನಿಟರ್‌ಗೆ ಅಂಟಿಸುವ ಅಗತ್ಯವಿಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗಕ್ಕೆ ಹೋದರೆ ಇನ್ನೊಬ್ಬರಿಗೆ ಪ್ರವೇಶ ಕೊಡುವ ಸೌಲಭ್ಯ ಇದೆ. ಅವರು ತಮ್ಮ ಖಾತೆಯಿಂದಲೇ ಅಂಗಡಿಯ ಮೇಲ್ ಓದಬಹುದು, ಉತ್ತರಿಸಬಹುದು. ಪಾಸ್‌ವರ್ಡ್ ಮಾತ್ರ ಬದಲಾಯಿಸಲಾರರು. ಕೆಲಸ ಬಿಟ್ಟ ದಿನ ಆ ಹೆಸರನ್ನು ತೆಗೆದರೆ ಮುಗಿಯಿತು. ಆಡಿಟರಿಗೆ ಬೇಕಾದ್ದು ತೆರಿಗೆ ಇಲಾಖೆಯ ಪತ್ರಗಳು ಮಾತ್ರ. ಇಲಾಖೆಯ ವಿಳಾಸದಿಂದ ಬಂದದ್ದು ತಾನಾಗಿ ಅವರಿಗೂ ಹೋಗುವಂತೆ ಒಂದು ಫಿಲ್ಟರ್ ಹಾಕಿದರಾಯಿತು.

ಜಿಎಸ್‌ಟಿಗೆಂದೇ ಒಂದು ಜಿಮೇಲ್ ಮಾಡಿಸಿ ಮರೆತವರು ಇನ್ನೊಂದು ವಿಷಯ ಗಮನಿಸಬೇಕು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹಾಗೆಯೇ ಉಚಿತವಾಗಿ ಸಿಗುವ 15 ಜಿಬಿ ಜಾಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿದ್ದು. ಅದು ತುಂಬಿದರೆ ಹೊಸ ಮೇಲ್ ಒಳಗೇ ಬರುವುದಿಲ್ಲ. ಗಿರಾಕಿ ಕಳಿಸಿದ ಆರ್ಡರ್ ಅವರಿಗೇ ಹಿಂದಿರುಗುತ್ತದೆ, ಅಂಥದ್ದೊಂದು ಆರ್ಡರ್ ಇತ್ತೆಂದೇ ನಿಮಗೆ ಗೊತ್ತಾಗುವುದಿಲ್ಲ. ಹುಡುಕುವ ಪೆಟ್ಟಿಗೆಯ ಬಲತುದಿಯಲ್ಲಿರುವ ಗೆರೆಗಳ ಗುರುತನ್ನು ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಎಂದು ಕೊಟ್ಟರೆ ಜಾಗ ತಿನ್ನುವ ಮೇಲ್‌ಗಳೆಲ್ಲ ಎದುರಿಗೆ ಬರುತ್ತವೆ. ಅದೇ ಜಾಗದಲ್ಲಿ ಯಾರಿಂದ, ಯಾವ ದಿನಾಂಕದಿಂದ, ಲಗತ್ತು ಇರುವುದು ಎಂದೂ ಹುಡುಕಬಹುದು. ಕಳೆದ ವರ್ಷದ ಒಂದು ಡೆಲಿವರಿ ಚಲನ್‌ಗಾಗಿ ಮಧ್ಯಾಹ್ನವಿಡೀ ಮೇಲ್ ಸರಿಸುತ್ತ ಕೂರುವವರಿಗೆ ಇದೊಂದು ಗೊತ್ತಿದ್ದರೆ ಸಾಕು.

ಸ್ವಂತ ಡೊಮೇನ್ ಇದ್ದರೆ ಇನ್ನೂ ಚೆನ್ನ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಮೇಲ್ ಸೇವೆಗೆ ಗೂಗಲ್, ಮೈಕ್ರೋಸಾಫ್ಟ್, ತಮಿಳುನಾಡಿನಲ್ಲಿ ಬೆಳೆದ ಜೋಹೊ, ಯಾವುದಾದರೂ ಆದೀತು. ಆದರೆ ಇಲ್ಲೂ ಅದೇ ಬಲೆ ಇದೆ. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಹೆಸರಿನಲ್ಲೇ ಕೊಂಡಿರುತ್ತಾರೆ. ಜಗಳವಾದರೆ ಅಂಗಡಿಯ ಹೆಸರೇ ಅವರ ಕೈಯಲ್ಲಿ. ಹಣ ಕೊಡುವ ಮುಂಚೆಯೇ ನೋಂದಣಿ ನಿಮ್ಮ ಹೆಸರಿಗೆ, ನಿಮ್ಮ ಇಮೇಲ್‌ಗೆ ಇರಲಿ ಎಂದು ಪಟ್ಟುಹಿಡಿಯಿರಿ. ಮೇಲ್ ಸೇವೆಯವರು ಹೇಳುವ ಎಸ್‌ಪಿಎಫ್, ಡಿಕಿಮ್ ಎಂಬ ಎರಡು ದಾಖಲೆಗಳನ್ನು ಡೊಮೇನ್‌ಗೆ ಸೇರಿಸಿದ್ದಾರೆಯೇ ಎಂದೂ ಕೇಳಿ. ಅವಿಲ್ಲದೆ ಹೊರಟ ನಿಮ್ಮ ಕೊಟೇಶನ್ ಎದುರಿನವರ ಸ್ಪ್ಯಾಮ್‌ನಲ್ಲಿ ಬೀಳುವ ಸಾಧ್ಯತೆ ಹೆಚ್ಚು.

ಬಾಕಿ ವಸೂಲಿಗೆ ಬರುವ ಮೇಲ್

ವಾಟ್ಸ್ಆ್ಯಪ್ ಇರುವಾಗ ಇಮೇಲ್ ಯಾಕೆ? ಪೀಣ್ಯದ ಒಂದು ಪುಟ್ಟ ಜಾಬ್‌ವರ್ಕ್ ಘಟಕ ದೊಡ್ಡ ಕಂಪನಿಗೆ ಮಾಲು ಕೊಟ್ಟು ಹಣಕ್ಕಾಗಿ ಕಾಯುವ ಸ್ಥಿತಿಯನ್ನು ಯೋಚಿಸಿ. ಬಿಲ್ಲಿನ ಫೋಟೊ ಸ್ಟೋರ್ಸ್‌ನವರ ವಾಟ್ಸ್ಆ್ಯಪ್‌ಗೆ ಹೋಗಿದೆ. ಎರಡು ತಿಂಗಳ ನಂತರ ಅಕೌಂಟ್ಸ್‌ನವರು ‘ನಮಗೆ ಬಿಲ್ಲೇ ಬಂದಿಲ್ಲ’ ಎನ್ನುತ್ತಾರೆ. ಅಷ್ಟರಲ್ಲಿ ಸ್ಟೋರ್ಸ್‌ನವರು ಕೆಲಸ ಬದಲಿಸಿರುತ್ತಾರೆ.

ಕಾನೂನು ಸಣ್ಣವರ ಕಡೆಗೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು ಬರಹದ ಒಪ್ಪಂದ ಇದ್ದರೂ 45 ದಿನ ಮೀರಿಸುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನವೇ ಗಡುವು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದಿನದ ಎಣಿಕೆ ಶುರುವಾಗುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿದ 15 ದಿನದೊಳಗೆ ಕೊಂಡವರು ಬರಹದಲ್ಲಿ ತಕರಾರು ಎತ್ತದಿದ್ದರೆ ಮುಟ್ಟಿದ ದಿನವೇ ಒಪ್ಪಿದ ದಿನ. ಅಂದರೆ ಎಲ್ಲವೂ ನಿಂತಿರುವುದು ತಾರೀಖಿನ ಮೇಲೆ. ಮಾಲು ಯಾವಾಗ ಹೋಯಿತು, ಬಿಲ್ಲು ಯಾವಾಗ ಹೋಯಿತು, ತಕರಾರು ಬಂತೋ ಇಲ್ಲವೋ ಎಂಬುದನ್ನು ತಾರೀಖು ಸಮೇತ ಹಿಡಿದಿಡುವುದು ಇಮೇಲ್. ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ತಯಾರಿಕೆ ಮತ್ತು ಸೇವಾ ಘಟಕಗಳಿಗೆ. ಬರೀ ಕೊಂಡು ಮಾರುವ ವ್ಯಾಪಾರಕ್ಕೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ.

ಹಾಗಾದರೆ ಮೇಲ್ ಹೇಗಿರಬೇಕು? ವಿಷಯದ ಸಾಲಿನಲ್ಲಿ ‘ಬಿಲ್’ ಎಂದಷ್ಟೇ ಬರೆದರೆ ಎದುರಿನವರ ಪೆಟ್ಟಿಗೆಯಲ್ಲಿ ಅಂಥವು ನೂರಿರುತ್ತವೆ. ‘ಇನ್‌ವಾಯ್ಸ್ 118, ಪಿಒ 4502, ಬ್ರ್ಯಾಕೆಟ್ 500 ನಗ, ಜೂನ್ 6ರ ಡೆಲಿವರಿ’ ಎಂದು ಬರೆಯಿರಿ. ಒಳಗೆ ಮೂರು ಸಾಲು ಸಾಕು: ‘ನಿಮ್ಮ ಪಿಒ 4502ರ ಪ್ರಕಾರ 500 ಬ್ರ್ಯಾಕೆಟ್‌ಗಳನ್ನು ಜೂನ್ 6ರಂದು ನಿಮ್ಮ ಸ್ಟೋರ್ಸ್‌ಗೆ ಮುಟ್ಟಿಸಿದ್ದೇವೆ. ಸಹಿಯಾದ ಚಲನ್ ಮತ್ತು ಇನ್‌ವಾಯ್ಸ್ ಲಗತ್ತಿಸಿದ್ದೇವೆ. ನಾವು ಉದ್ಯಮ್ ನೋಂದಾಯಿತ ಸಣ್ಣ ಉದ್ದಿಮೆ. ಹಣ ಪಾವತಿಯ ಗಡುವು ಜುಲೈ 21.’ ಸ್ಟೋರ್ಸ್ ಮತ್ತು ಅಕೌಂಟ್ಸ್ ಇಬ್ಬರಿಗೂ ಒಟ್ಟಿಗೆ ಹೋಗಲಿ. ನೆನಪಿನೋಲೆ ಕಳಿಸುವಾಗ ಹೊಸ ಮೇಲ್ ಶುರುಮಾಡಬೇಡಿ. ಹಳೆಯದಕ್ಕೇ ರಿಪ್ಲೈ ಒತ್ತಿ. ಸರಪಳಿ ಮುರಿಯದೆ ಒಂದೇ ಕಡೆ ಇದ್ದರೆ ನಾಳೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡುವಾಗ ಬೇರೆ ದಾಖಲೆಗೆ ತಡಕಾಡಬೇಕಿಲ್ಲ. ಒಂದು ಮೇಲ್‌ನಲ್ಲಿ ಒಂದೇ ವಿಷಯ ಇರಲಿ. ಬಿಲ್ಲಿನ ಜೊತೆ ಹೊಸ ದರಪಟ್ಟಿಯನ್ನೂ, ಮಾಲಿನ ತಕರಾರಿಗೆ ಉತ್ತರವನ್ನೂ ಸೇರಿಸಿದರೆ ಅವರು ಯಾವುದೋ ಒಂದಕ್ಕೆ ಉತ್ತರಿಸಿ ಕೈತೊಳೆದುಕೊಳ್ಳುತ್ತಾರೆ.

ಇಮೇಲ್‌ನ ತೂಕ ನ್ಯಾಯಾಲಯದಲ್ಲೂ ಕಡಿಮೆಯಲ್ಲ. ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವಿನ ಬಾಕ್ಸೈಟ್ ವ್ಯಾಪಾರದ ವ್ಯಾಜ್ಯದಲ್ಲಿ, ಸಹಿ ಬಿದ್ದ ಕರಾರುಪತ್ರ ಇಲ್ಲದಿದ್ದರೂ ಮೇಲ್‌ಗಳಲ್ಲೇ ಒಪ್ಪಂದ ಕುದುರಿದೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ಎರಡೂ ಕಡೆ ಕೊಯ್ಯುತ್ತದೆ. ದರ, ಪ್ರಮಾಣ, ಗಡುವು ಬರೆದಿರುವ ಮೇಲ್‌ಗೆ ‘ಆಯ್ತು, ಕಳಿಸಿ’ ಎಂದು ಅವಸರದಲ್ಲಿ ಬರೆದರೆ ಅದಕ್ಕೂ ನೀವು ಬದ್ಧರು. ವ್ಯವಹಾರದ ಮೇಲ್‌ಗಳನ್ನು ಅಳಿಸಬೇಡಿ. ಪ್ರಿಂಟ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಪ್ರಿಂಟ್ ಜೊತೆ ಪ್ರಮಾಣಪತ್ರ ಬೇಕು, ಅದಕ್ಕೆ ಮೂಲ ಮೇಲ್ ಇರಲೇಬೇಕು. ಜಿಎಸ್‌ಟಿ ಲೆಕ್ಕಪತ್ರಗಳನ್ನಂತೂ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗಲೂ ಪ್ರಶ್ನೆ ಇದೇ ಆಗಿತ್ತು: ಬಂದ ಹಣದಲ್ಲಿ ತೆರಿಗೆ ಇಲ್ಲದ ಹಾಲು, ತರಕಾರಿಯ ಪಾಲು ಎಷ್ಟು ಎಂದು ತೋರಿಸುವ ಖರೀದಿ ಬಿಲ್ಲು ಎಲ್ಲಿದೆ?

ಕಳಿಸುವ ವಿಷಯದಲ್ಲಿ ಇನ್ನೆರಡು ಮಾತು. ಹೊಸ ದರಪಟ್ಟಿಯನ್ನು ಐವತ್ತು ಗಿರಾಕಿಗಳಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ. ಸಿಸಿಯಲ್ಲಿ ಹಾಕಿದರೆ ನಿಮ್ಮ ಗಿರಾಕಿಗಳ ಪಟ್ಟಿಯನ್ನು ನೀವೇ ಹಂಚಿದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ ಅವಧಿಯನ್ನು 30 ಸೆಕೆಂಡಿಗೆ ಏರಿಸಿ. ತಪ್ಪು ವಿಳಾಸ, ಮರೆತ ಲಗತ್ತು ಕಣ್ಣಿಗೆ ಬೀಳುವುದು ಸೆಂಡ್ ಒತ್ತಿದ ಮರುಕ್ಷಣದಲ್ಲೇ.

ಕನ್ನಡದಲ್ಲಿ ಬರೆದದ್ದು ಕನ್ನಡವಾಗಿಯೇ ತಲುಪಲಿ

ಗ್ರಾಮ ಪಂಚಾಯಿತಿಗೋ ತಾಲ್ಲೂಕು ಕಚೇರಿಗೋ ಡಿಟಿಪಿ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಿ ಮೇಲ್ ಮಾಡುತ್ತೀರಿ. ಅವರು ತೆರೆದರೆ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳು. ಹಳೇ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆಕಾರ ಕಳಚಿ ಬಿದ್ದು ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಕಾಣುತ್ತದೆ. ಹಳೇ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡುವ ಮುದ್ರಣದವರಿಗೆ ಇವು ಇನ್ನೂ ಬೇಕು. ಮೇಲ್‌ಗೆ, ಎಕ್ಸೆಲ್‌ಗೆ, ವಾಟ್ಸ್ಆ್ಯಪ್‌ಗೆ ಯೂನಿಕೋಡ್ ಒಂದೇ ಸರಿ. ಡಿಟಿಪಿಯವರಿಗೆ ‘ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಕೊಡಿ’ ಎಂದು ಮೊದಲೇ ಹೇಳಿ.

ನೀವೇ ಟೈಪ್ ಮಾಡುವುದಾದರೆ ಬೇರೆ ತಂತ್ರಾಂಶ ಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ಭಾಗದಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಜೊತೆಗೆ, ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡುವ ಫೊನೆಟಿಕ್ ಕೀಬೋರ್ಡೂ ಸಿಗುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಟೈಪಿಂಗೇ ಬಾರದವರು ಫೋನಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಬರೆಸಬಹುದು. ಕಳಿಸುವ ಮೊದಲು ಅಂಕಿಗಳನ್ನು ಒಮ್ಮೆ ಓದಿ ನೋಡಿ.

ಎಕ್ಸೆಲ್ ನುಂಗುವ ಅಂಕಿಗಳು

ಸಂಬಳದ ದಿನ ಬ್ಯಾಂಕಿಗೆ ಕಳಿಸುವ ಪಟ್ಟಿಯಲ್ಲಿ ಖಾತೆ ಸಂಖ್ಯೆ ತಪ್ಪುವುದು ಬೆರಳಿನ ದೋಷದಿಂದ ಮಾತ್ರವಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹೊಡೆದು ಎಂಟರ್ ಒತ್ತಿದರೆ ಕೊನೆಯ ಅಂಕಿ ಏನೇ ಇರಲಿ, ಸೊನ್ನೆಯಾಗಿ ಕೂರುತ್ತದೆ, ಎಚ್ಚರಿಕೆಯನ್ನೂ ಕೊಡದೆ. ಮುಂದೆ ಸೊನ್ನೆ ಇದ್ದರೆ ಆ ಸೊನ್ನೆ ಮಾಯ. 12 ಅಂಕಿ ಅಥವಾ ಹೆಚ್ಚಾದರೆ ‘1.23ಇ+11’ ಎಂಬಂಥ ರೂಪ ತಾಳುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಾಯಿಸಿ ಉಪಯೋಗವಿಲ್ಲ. ಹೋದ ಅಂಕಿ ಹಿಂದೆ ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಇಡೀ ಕಾಲಂ ಆಯ್ಕೆ ಮಾಡಿ ‘ಟೆಕ್ಸ್ಟ್’ ಎಂದು ಕೊಡಿ. ಬ್ಯಾಂಕಿನ ಸಿಎಸ್‌ವಿ ಕಡತವನ್ನು ನೇರ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೂ ಇದೇ ಅವಾಂತರ. ತೆರೆದು ನೋಡುವುದಾದರೆ ಪ್ರತಿ ತೆಗೆದುಕೊಂಡು ನೋಡಿ, ಮೂಲವನ್ನು ಮುಟ್ಟಬೇಡಿ.

ತಾರೀಖಿನದೂ ಒಂದು ತೊಡಕು. ಹೊಸ ಕಂಪ್ಯೂಟರಿನಲ್ಲಿ ಪ್ರದೇಶ ಅಮೆರಿಕ ಎಂದಿದ್ದರೆ 03/04 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ, ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೆ ಜಿಗಿಯುತ್ತದೆ. ಪ್ರದೇಶವನ್ನು ಇಂಡಿಯಾ ಮಾಡಿ. ಕಡತಗಳಿಗೆ ಹೆಸರಿಡುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರಲಿ: ‘2025-06-06 ಇನ್‌ವಾಯ್ಸ್ 118’. ಕಂಪ್ಯೂಟರ್ ತಾನಾಗಿಯೇ ತಾರೀಖಿನ ಕ್ರಮದಲ್ಲಿ ಜೋಡಿಸುತ್ತದೆ.

ಒಂದೇ ಪ್ರತಿ ಇದ್ದರೆ ಇಲ್ಲದ ಹಾಗೆ

2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ‘ಆಮೇಲೆ ಮಾಡಿದರಾಯ್ತು’ ಎಂದು ಅಪ್‌ಡೇಟ್ ಮುಂದೂಡುವವರು ಈ ಎರಡು ತಾರೀಖುಗಳ ನಡುವಿನ ಅಂತರ ನೋಡಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ನೆಟ್‌ಬ್ಯಾಂಕಿಂಗ್ ಮಾಡುತ್ತಿದ್ದರೆ ವಿಂಡೋಸ್ 11ಕ್ಕೆ ಹೋಗುವ ಏರ್ಪಾಡು ಮಾಡಿ.

ಲೆಕ್ಕದ ಕಡತಕ್ಕೆ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಅಂಗಡಿಯಿಂದ ಹೊರಗೆ, ಮನೆಯಲ್ಲೋ ಡ್ರೈವ್‌ನಲ್ಲೋ ಒಂದು. ಹಾರ್ಡ್‌ಡಿಸ್ಕನ್ನು ಸದಾ ಚುಚ್ಚಿಯೇ ಇಟ್ಟರೆ ಬೀಗ ಹಾಕುವ ಕುತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ. ಪ್ರತಿ ತೆಗೆದು ಕಳಚಿಡಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಆಯ್ಕೆ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ ಅನ್ನು ಬೇರೆ ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ ನೋಡಿ. ತೆರೆಯದ ಬ್ಯಾಕಪ್ ಇದ್ದರೂ ವ್ಯರ್ಥ. ಡೆಸ್ಕ್‌ಟಾಪ್ ಬಳಸುವವರಿಗೆ ಯುಪಿಎಸ್ ಕಡ್ಡಾಯ. ಕರೆಂಟು ಹೋದಾಗ ಅದು ಕೊಡುವ ಹತ್ತು ನಿಮಿಷ ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಬಂದ್ ಮಾಡಲು.

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’

ಸಣ್ಣ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಕೊಡುವ ಮೋಸ ಇದು. ಖಾಯಂ ಸರಬರಾಜುದಾರರ ಹೆಸರಿನಲ್ಲಿ ಮೇಲ್ ಬರುತ್ತದೆ. ಬಿಲ್ಲಿನ ಸಂಖ್ಯೆ ಸರಿ, ಮೊತ್ತ ಸರಿ, ಲೆಟರ್‌ಹೆಡ್ಡೂ ಸರಿ. ‘ಆಡಿಟ್ ನಡೆಯುತ್ತಿದೆ, ಈ ಸಲ ಹೊಸ ಖಾತೆಗೆ ಹಾಕಿ’ ಎಂಬ ಒಂದು ಸಾಲು ಹೆಚ್ಚಿಗೆ. ವಿಳಾಸವನ್ನು ಅಕ್ಷರ ಅಕ್ಷರ ಓದಿದರೆ ‘ಎಂ’ ಇರಬೇಕಾದಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕೂತಿರುತ್ತವೆ. ಕೆಲವು ಸಲ ವಿಳಾಸವೂ ಅಸಲಿಯೇ. ಅವರ ಮೇಲ್ ಪೆಟ್ಟಿಗೆಯೊಳಗೇ ಕಳ್ಳ ಕೂತಿರುತ್ತಾನೆ. ಇದಕ್ಕೆ ಮದ್ದು ತಂತ್ರಾಂಶವಲ್ಲ, ಒಂದು ಕಟ್ಟುನಿಟ್ಟು: ಖಾತೆ ಬದಲಾವಣೆಯ ಪತ್ರ ಬಂದರೆ, ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಂಬರಿಗೆ ಕರೆಮಾಡಿ ಮಾಲೀಕರ ದನಿ ಕೇಳುವವರೆಗೆ ಹಣ ಹೊರಡಕೂಡದು. ಮೇಲ್‌ನ ಕೆಳಗೆ ಕೊಟ್ಟ ನಂಬರಿಗೆ ಅಲ್ಲ. ಈ ಮಾತನ್ನು ಪಾವತಿ ಮಾಡುವ ಗುಮಾಸ್ತರಿಗೆ ಹೇಳಿ, ‘ಎಷ್ಟೇ ಅರ್ಜೆಂಟ್ ಇದ್ದರೂ, ನಾನೇ ಮೇಲ್ ಮಾಡಿದರೂ’ ಎಂದು ಸೇರಿಸಿ ಹೇಳಿ.

ನಿಮ್ಮ ಪೆಟ್ಟಿಗೆಯನ್ನೂ ನೋಡಿಕೊಳ್ಳಿ. ಒಳನುಗ್ಗಿದವರು ನಿಮ್ಮ ಮೇಲ್‌ಗಳೆಲ್ಲ ತಮಗೂ ಹೋಗುವಂತೆ ಗುಟ್ಟಾಗಿ ಫಾರ್ವರ್ಡಿಂಗ್ ಹಾಕಿಕೊಳ್ಳುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ತೆರೆದು, ಗುರುತಿಲ್ಲದ ವಿಳಾಸ ಇದ್ದರೆ ಕಿತ್ತುಹಾಕಿ. ವಾಟ್ಸ್ಆ್ಯಪ್‌ನಲ್ಲಿ ಸಂಚಾರ ದಂಡದ ಚಲನ್, ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಕಡತ ಕರೆಯೋಲೆಯಲ್ಲ, ಫೋನಿನೊಳಗೆ ಕೂರುವ ಆ್ಯಪ್. ಒತ್ತಬೇಡಿ.

ಆದರೂ ಹಣ ಹೋಯಿತು ಅನ್ನಿ. ನಾಚಿಕೆ ಬೇಡ, ತಡವಂತೂ ಬೇಡವೇ ಬೇಡ. ಕೂಡಲೇ 1930ಕ್ಕೆ ಕರೆಮಾಡಿ ವಹಿವಾಟಿನ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಹೇಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ, ನಗದಾಗಿ ಹೊರಬೀಳುವ ಮುಂಚೆ ತಡೆಹಿಡಿಯಲು ಸಾಧ್ಯವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಬಂದ ಮೇಲ್ ಅಳಿಸಬೇಡಿ, ತನಿಖೆಗೆ ಅದು ಬೇಕು.

ಇನ್ನು ದಿನದ ಕೆಲಸದಲ್ಲಿ ಕೈಗೆ ರೂಢಿಯಾಗಬೇಕಾದ ಕೆಲವು ಕೀಗಳು: ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಪರದೆಗೆ ಬೀಗ. ವಿಂಡೋಸ್ ಜೊತೆ ವಿ ಒತ್ತಿದರೆ ಇತ್ತೀಚೆಗೆ ಕಾಪಿ ಮಾಡಿದವುಗಳ ಪಟ್ಟಿ. ಮೊದಲ ಸಲ ಚಾಲೂ ಮಾಡಬೇಕು. ವಿಂಡೋಸ್, ಶಿಫ್ಟ್, ಎಸ್ ಒತ್ತಿದರೆ ಪರದೆಯಲ್ಲಿ ಬೇಕಾದ ತುಂಡಿನ ಚಿತ್ರ. ತಪ್ಪಿ ಮುಚ್ಚಿದ ಬ್ರೌಸರ್ ಟ್ಯಾಬ್ ಮತ್ತೆ ಬೇಕಾದರೆ ಕಂಟ್ರೋಲ್, ಶಿಫ್ಟ್, ಟಿ.

ಕೊನೆಯದಾಗಿ, ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಅಥವಾ ಎಕ್ಸ್‌ಚೇಂಜ್‌ಗೆ ಕೊಡುವಾಗ ಕಡತ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು. ಅವನ್ನು ಮರಳಿ ತೆಗೆಯುವ ತಂತ್ರಾಂಶ ಸುಲಭವಾಗಿ ಸಿಗುತ್ತದೆ. ವಿಂಡೋಸ್ ರೀಸೆಟ್‌ನಲ್ಲಿ ‘ಎಲ್ಲವನ್ನೂ ತೆಗೆ’ ಆರಿಸಿ, ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನೂ ಒತ್ತಿ. ಯಂತ್ರ ಆನ್ ಆಗುವ ಸ್ಥಿತಿಯಲ್ಲೇ ಇಲ್ಲವೆಂದರೆ ರಿಪೇರಿಯವರಿಂದ ಹಾರ್ಡ್‌ಡಿಸ್ಕ್ ಬಿಚ್ಚಿಸಿ ನಿಮ್ಮ ಬಳಿಯೇ ಇಟ್ಟುಕೊಂಡು, ಉಳಿದದ್ದನ್ನಷ್ಟೇ ಕೊಡಿ.